ಕರಿಕಲ್ಲಿಗೆ ಹಚ್ಚಿದ ಬಣ್ಣ

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಕಪ್ಪಗೆ, ದಪ್ಪಗೆ, ಸೊಟ್ಟಗೆ ಬೆಳೆದಿತ್ತು. ಮರಾಠಿ ನಾಡಿನ ನಿಗಡಿಯಲ್ಲಿ ನಮ್ಮ ಮನೆ ಕಟ್ಟುವಾಗ ಅದರ ಮೇಲೆ ಕಲ್ಲು ಬಿದ್ದಿತ್ತಂತೆ. ಅವಳು ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಬೇಗ ತೀರಿಕೊಂಡ ಮೇಲೆ ಮನೆಯ ಯಜಮಾನಿಕೆಯೆಲ್ಲ ಅವಳದೇ. ಹಾಲಿನವನ ಜೊತೆ ಮರಾಠಿಯಲ್ಲಿ ಜಗಳ ಶುರುಮಾಡಿ, ಸಿಟ್ಟು ನೆತ್ತಿಗೇರಿದಾಗ ಕನ್ನಡಕ್ಕೆ ಹೊರಳುತ್ತಿದ್ದಳು. ಕನ್ನಡ ಬಂತೆಂದರೆ ಅವನು ಸೈಕಲ್ ಹತ್ತುತ್ತಿದ್ದ.

ನಮ್ಮ ಮನೆಯ ಕೆಳ ಅಂತಸ್ತಿನ ಹೊರಗೋಡೆ ಗಿಲಾವು, ಬಣ್ಣ ಕಾಣದ ಕರಿಕಲ್ಲಿನದು. ಅದರ ಹಿಂದಿನ ಕೋಣೆಯಲ್ಲಿ ದೊಡ್ಡವ್ವ ಮಲಗುತ್ತಿದ್ದಳು.

ತೊಂಬತ್ತರ ದಶಕದ ಮಾತು. ಅಕ್ಕನಿಗೆ ಬಂದ ಸಂಬಂಧಗಳು ಒಂದೊಂದಾಗಿ ತಪ್ಪಿ, ಕಡೆಗೆ ಸೊಲ್ಲಾಪುರದ ಕಡೆಯವರು ಒಪ್ಪಿದ್ದರು. ಆದರೆ ಹುಡುಗನ ತಾಯಿ ಗೇಟಿನಲ್ಲೇ ನಿಂತು, "ಮನಿ ಭಾಳ ಕಪ್ಪ ಕಾಣಸ್ತದಲ್ರಿ" ಎಂದುಬಿಟ್ಟರು. ಇದೂ ಮುರಿದುಬೀಳುತ್ತದೆಂದು ಅಪ್ಪನ ನಿದ್ದೆಯೇ ಹಾರಿಹೋಯಿತು. ನಿಶ್ಚಿತಾರ್ಥದೊಳಗಾಗಿ ಕಲ್ಲಿನ ಗೋಡೆಗೆ, ಹೊರಗಿನ ಪ್ಲಾಸ್ಟಿಕ್ ಪೈಪುಗಳಿಗೆ, ಎಲ್ಲಕ್ಕೂ ಕೆನೆಬಣ್ಣ ಹಚ್ಚಿಸಲು ಹೊರಟರು.

"ಪೈಪಿಗೆ ಹಚ್ಚು. ಪ್ಲಾಸ್ಟಿಕ್ಕಿಗೆ ಪೌಡರ್ ಹಚ್ಚಿದಂಗ, ನಾಳೆ ಸುಲದು ಬೀಳ್ತದ, ಬೀಳಲಿ. ಕಲ್ಲಿಗೆ ಮಾತ್ರ ಬ್ಯಾಡ," ಎಂದಳು ದೊಡ್ಡವ್ವ. "ಮಳಿ ನೀರು ಕುಡದ ಕಲ್ಲು ಬಿಸಲಿಗೆ ಅದನ್ನ ಹೊರಗ ಬಿಡಬೇಕು. ಹೊರಗ ಬಾಯಿ ಮುಚ್ಚಿದ್ರ ನನ್ನ ಕ್ವಾಣ್ಯಾಗ ಬರ್ತದ."

"ಗುಡಿ ಕಲ್ಲಿಗೇ ಎಣ್ಣಿ ಬಣ್ಣ ಬಡೀತಾರಲ್ರಿ, ವೈನಿ," ಎಂದು ಅಪ್ಪ ಅತ್ತಿಗೆಯ ಜೊತೆ ವಾದಿಸಿದರು.

"ದೇವರಿಗೆ ಕೆಮ್ಮ ಬರೂದಿಲ್ಲೋ. ನನಗ ಬರ್ತದ."

ವಾರವಿಡೀ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಿಶ್ಚಯದ ಹಿಂದಿನ ದಿನ ದೊಡ್ಡವ್ವ ಅಕ್ಕನ ಸಲುವಾಗಿ ಹರಕೆ ಹೊತ್ತು ರಾಂಜಣಗಾಂವದ ಗಣಪತಿಗೆ ಹೋಗಿ, ಅಲ್ಲೇ ನೆಂಟರ ಮನೆಯಲ್ಲಿ ಉಳಿದಳು. ಅವಳ ಬಸ್ಸು ಹೊರಟದ್ದೇ ತಡ, ಅಪ್ಪ ಪೇಂಟರುಗಳನ್ನು ಕರೆತಂದರು. ಸಂಜೆಯಾಗುವಷ್ಟರಲ್ಲಿ ಕಲ್ಲೆಲ್ಲ ಕೆನೆಬಣ್ಣವಾಗಿತ್ತು.

ಮರುದಿನ ಬೀಗರು ಅಂಗಳದಲ್ಲಿ ನಿಂತಿದ್ದಾಗಲೇ ದೊಡ್ಡವ್ವ ಪ್ರಸಾದದ ಚೀಲ ಹಿಡಿದು ಗೇಟು ತೆಗೆದಳು. ಗೋಡೆ ನೋಡಿದಳು. ಅವಳ ಬಾಯಿ ಬಲ್ಲ ನಾವೆಲ್ಲ ಈ ಸಂಬಂಧವೂ ಮುರಿಯಿತೆಂದೇ ತಿಳಿದೆವು. ಅಕ್ಕ ಒಳಗೆ ಬಾಗಿಲ ಹಿಂದೆ ಅವ್ವನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಈಗ ಲಕ್ಷಣ ಬಂತ್ರಿ ಮನಿಗೆ," ಎಂದರು ಹುಡುಗನ ತಾಯಿ.

ದೊಡ್ಡವ್ವ ತನ್ನ ಹಿಂದೆ ಗೇಟು ಹಾಕಿದಳು. "ನಾನ ಹಟಾ ಮಾಡಿ ಹಚ್ಚಿಸೀನ್ರಿ," ಎಂದಳು. "ಬರ್ರಿ, ಒಳಗ ಬರ್ರಿ."

ಮದುವೆಯಾಯಿತು. ಪೈಪಿನ ಬಣ್ಣ ಸಿಪ್ಪೆಯಂತೆ ಸುಲಿದು ಹೋಯಿತು. ಕಲ್ಲಿನ ಬಣ್ಣ ಗಟ್ಟಿಯಾಗಿ ನಿಂತಿತು, ಮೊದಲ ಮಳೆಗಾಲಕ್ಕೇ ದೊಡ್ಡವ್ವನ ಕೋಣೆಯ ಒಳಗೋಡೆಯಲ್ಲಿ ನೀರು ಒಸರಿತು. ಕೆರೆಸಿಬಿಡೋಣ ಎಂದು ಅಪ್ಪ ಪ್ರತಿ ವರ್ಷ ಕೇಳುತ್ತಿದ್ದರು. "ಬೀಗರು ಬಂದ್ರ ಯಾಕ ತಗದ್ರಿ ಅಂತಾರ. ಕೂಸು ಅವರ ಮನ್ಯಾಗ ಬಾಳಬೇಕು. ಇರಲಿ ಬಿಡು," ಎನ್ನುತ್ತಿದ್ದಳು ದೊಡ್ಡವ್ವ. ಮೇಲಿನ ಕೋಣೆಗೆ ಬಾ ಎಂದರೆ ಮೆಟ್ಟಿಲು ಹತ್ತಲಾರೆ ಎಂದಳು. ಮಂಚವನ್ನು ಕೋಣೆಯ ನಡುವೆ ಎಳೆದುಕೊಂಡು, ಮಳೆಗಾಲಗಳನ್ನು ಕೆಮ್ಮುತ್ತ ಕಳೆದಳು. ನಮ್ಮ ಮನೆಯಲ್ಲಿ ಅಷ್ಟು ಮಾತಾಡುತ್ತಿದ್ದವಳು ಈ ಒಂದು ವಿಷಯದಲ್ಲಿ ಯಾರನ್ನೂ ದೂರಲಿಲ್ಲ.

ಎರಡು ಸಾವಿರದ ಇಸವಿಯ ನಂತರದ ಒಂದು ಮಳೆಗಾಲದ ಕೊನೆಗೆ ಅವಳು ಹೋದಳು. ಉತ್ತರಕ್ರಿಯೆ ಮುಗಿದ ಮರುದಿನವೇ ಅಪ್ಪ ತಂತಿಬ್ರಶ್ ಹಿಡಿದು ಗೋಡೆಯ ಮುಂದೆ ಕುಳಿತರು. ಕರ್ಮಕ್ಕೆಂದು ಅಕ್ಕನ ಜೊತೆ ಬಂದಿದ್ದ ಅವಳ ಅತ್ತೆ ಓಡಿಬಂದರು.

"ತಗೀಬ್ಯಾಡ್ರಿ, ಅಣ್ಣಾ. ಅವರು ಆಸೆಪಟ್ಟು ಹಚ್ಚಿಸಿದ ಬಣ್ಣ."

ಅಪ್ಪನ ಕೈ ನಿಂತಿತು. "ಅವರು ಬ್ಯಾಡ ಅಂದಿದ್ರು, ಅಕ್ಕಾರ. ಅವರು ಇಲ್ಲದಾಗ ಹಚ್ಚಿಸಿದಾಂವ ನಾನು."

ಆಕೆ ದೊಡ್ಡವ್ವನ ಕೋಣೆಗೆ ಹೋಗಿ ನಡುವಿದ್ದ ಮಂಚವನ್ನು ನೋಡಿದರು, ಒದ್ದೆ ಗೋಡೆಯನ್ನು ಮುಟ್ಟಿದರು, ಮಂಚದ ತುದಿಗೆ ಕುಳಿತು ಅತ್ತರು. ಹೊರಗೆ ಅಕ್ಕ ಅಪ್ಪನ ಕೈಯಿಂದ ಬ್ರಶ್ ಕಸಿದುಕೊಂಡು ಕಲ್ಲನ್ನು ಉಜ್ಜತೊಡಗಿದಳು.