ಮೇಸ್ತ್ರಿ ಹಾಕದೆ ಬಿಟ್ಟ ಹತ್ತಿ

ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಇಪ್ಪತ್ತಮೂರು ವರ್ಷ ದುಡಿದವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಅವನು ಮೇಸ್ತ್ರಿ. ಗೋಡೆಗೆ ಗಾರೆ ಮೆತ್ತುವವನು ಮೇಸ್ತ್ರಿಯಾದರೆ ಕಾಲಿಗೆ ಮೆತ್ತುವವನು ಯಾಕಲ್ಲ ಎಂದು ಹಳೆಯ ನರ್ಸ್ ಒಬ್ಬಳು ಮಾಡಿದ ತಮಾಷೆ ಹಾಗೇ ಅಂಟಿಕೊಂಡಿತ್ತು. ಅವನಿಗೂ ಅದು ಇಷ್ಟವೇ. ಒದ್ದೆ ಪಟ್ಟಿ ಸುತ್ತಿ, ಅಂಗೈಯಿಂದ ನೀವಿ ನೀವಿ, ಒಂದು ಸುಕ್ಕೂ ಕಾಣದಂತೆ ನುಣುಪು ಮಾಡಿ ಕಳಿಸುತ್ತಿದ್ದ. ಬೇರೆಯವರು ಹಾಕಿದ ಪ್ಲಾಸ್ಟರ್ ಕಂಡರೆ, ‘ಇದ್ಯಾವ ದನದ ಕೊಟ್ಟಿಗೆ ಗೋಡೆನಪ್ಪಾ’ ಎನ್ನುತ್ತಿದ್ದ.

ಓದಿದ್ದು ಹತ್ತನೇ ತರಗತಿ. ಆದರೆ ತೊಡೆ, ಮಂಡಿ ಎಂದರೆ ಅವನ ಕೈಗೆ ಬಾಯಿಪಾಠ. ತೊಡೆಯ ಮುಂದಿನ ನಾಲ್ಕು ಸ್ನಾಯುಗಳು ಒಂದಾಗಿ ಮಂಡಿಚಿಪ್ಪನ್ನು ಮೇಲಕ್ಕೆ ಎಳೆಯುವುದು ಹೇಗೆ, ಹಿಂದಿನ ಸ್ನಾಯುಗಳ ಹುರಿಗಳು ಮಂಡಿಯ ಎರಡೂ ಪಕ್ಕ ಹಗ್ಗದಂತೆ ಬಿಗಿಯುವುದು ಹೇಗೆ, ಎಲ್ಲವನ್ನೂ ಮುಟ್ಟಿ ತೋರಿಸುತ್ತಿದ್ದ. ಹೊಸದಾಗಿ ಬಂದ ಮರಿ ಡಾಕ್ಟರುಗಳಿಗೆ ಅವನ ಮೊದಲ ಪಾಠ ಯಾವಾಗಲೂ ಒಂದೇ.

“ಸಾರ್, ಮಂಡಿಯ ಹೊರಗಡೆ, ಸ್ವಲ್ಪ ಕೆಳಗೆ, ಒಂದು ಗಂಟು ಕೈಗೆ ಸಿಗುತ್ತೆ ನೋಡಿ. ಸಣ್ಣ ಮೂಳೆಯ ತಲೆ ಅದು. ಅದರ ಕತ್ತು ಬಳಸಿಕೊಂಡು ಒಂದು ನರ ಹೋಗುತ್ತೆ. ಮೇಲೆ ಮಾಂಸ ಇಲ್ಲ, ಕೊಬ್ಬಿಲ್ಲ, ಬರೀ ಚರ್ಮ. ಅಲ್ಲಿ ಹತ್ತಿ ಎರಡು ಪಟ್ಟು ಹಾಕಿ. ಹಾಕಲಿಲ್ಲ ಅಂದ್ರೆ ಪ್ಲಾಸ್ಟರ್ ನರಾನ ಒತ್ತಿ ಹಿಡಿಯುತ್ತೆ. ಆಮೇಲೆ ಪಾದ ಮೇಲೇಳಲ್ಲ, ನೇತಾಡುತ್ತೆ.”

ಇಷ್ಟು ಬಲ್ಲವನೇ, ತನ್ನ ಒಡಹುಟ್ಟಿದ ಅಕ್ಕನ ಕಾಲಿಗೆ ಆ ಹತ್ತಿ ಹಾಕಲಿಲ್ಲ.

ಅಕ್ಕ ಅವನಿಗಿಂತ ಹನ್ನೊಂದು ವರ್ಷ ದೊಡ್ಡವಳು. ತಾಯಿ ಕಾಯಿಲೆ ಬಿದ್ದಿದ್ದ ಕಾಲದಲ್ಲಿ ಇವನನ್ನು ಎತ್ತಿ ಆಡಿಸಿದವಳು. ನಾಲ್ಕು ಅಂತಸ್ತಿನ ಹಳೆಯ ಕಟ್ಟಡದ ಮೂರನೇ ಮಹಡಿಯಲ್ಲಿ ಒಬ್ಬಳೇ ಇದ್ದಳು. ಮನೆಯಲ್ಲೇ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಬಾಯಿ ಮಾತ್ರ ಬೊಂಬಾಯಿ. ಒಂದು ಬೆಳಿಗ್ಗೆ ಮೆಟ್ಟಿಲು ತೊಳೆಯುವ ಹೆಂಗಸು ಸೋಪಿನ ನೀರು ಹಾಕಿದ್ದಳು, ಇವಳು ರಟ್ಟಿನ ಹೊರೆ ಹೊತ್ತು ಇಳಿಯುತ್ತಿದ್ದಳು. ಜಾರಿ ಬಿದ್ದು, ಮಂಡಿಯಿಂದ ನಾಲ್ಕು ಬೆರಳು ಕೆಳಗೆ ಮೂಳೆ ಬಿರುಕು ಬಿಟ್ಟಿತು. ಮೂಳೆ ಜರುಗಿರಲಿಲ್ಲ. ತೊಡೆಯ ಮೇಲಿನಿಂದ ಕಾಲ್ಬೆರಳ ತನಕ ಪ್ಲಾಸ್ಟರ್ ಹಾಕಿದರೆ ಸಾಕು ಎಂದರು ಡಾಕ್ಟರು.

“ನನ್ನ ತಮ್ಮನೇ ಹಾಕಬೇಕು. ಬೇರೆ ಯಾರಾದ್ರೂ ಮುಟ್ಟಿದ್ರೆ ನೋಡಿ ಮತ್ತೆ!” ಎಂದು ಅಕ್ಕ ಮೇಜಿನ ಮೇಲೆ ರಾಣಿಯಂತೆ ಮಲಗಿದಳು.

ಮೇಸ್ತ್ರಿ ಹತ್ತಿ ಸುತ್ತತೊಡಗಿದ. ಅಕ್ಕನ ನಾಲಿಗೆಗೆ ಮಾತ್ರ ಏನೂ ಪೆಟ್ಟಾಗಿರಲಿಲ್ಲ. ಕೋಣೆಯಲ್ಲಿದ್ದ ಇಬ್ಬರು ನರ್ಸುಗಳಿಗೆ ಪುರಾಣ ಬಿಚ್ಚಿದಳು.

“ಈಗ ನಿಮ್ಮ ಮುಂದೆ ಮೀಸೆ ಹೊತ್ತು ನಿಂತಿದಾನಲ್ಲ, ಎಂಟು ವರ್ಷ ಆಗೋವರೆಗೂ ಹಾಸಿಗೆ ಒದ್ದೆ ಮಾಡ್ತಿದ್ದ! ಸ್ಕೂಲಿಗೆ ಹೋಗಲ್ಲ ಅಂತ ನನ್ನ ತೊಡೆ ತಬ್ಬಿಕೊಂಡು ಅಳ್ತಿದ್ದ. ಅವನನ್ನ ಎಳ್ಕೊಂಡೇ ನಡೀಬೇಕಿತ್ತು ನಾನು.”

ನರ್ಸುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಾಗಿಲಲ್ಲಿ ಸರದಿ ಕಾಯುತ್ತಿದ್ದವರೂ ನಕ್ಕರು. ಮೇಸ್ತ್ರಿಯ ಕಿವಿ ಕೆಂಪಾಯಿತು. “ಸಾಕು ಸುಮ್ನಿರಕ್ಕ” ಎಂದ. ಅವಳು ಸುಮ್ಮನಿರುವ ಜಾತಿಯವಳಲ್ಲ. ಒಮ್ಮೆ ಮುಗಿಸಿ ಇವಳನ್ನು ಆಚೆ ಕಳಿಸಿದರೆ ಸಾಕಪ್ಪ ಎಂದುಕೊಂಡು ಕೈ ಚುರುಕು ಮಾಡಿದ. ಹತ್ತಿ ಮಂಡಿ ದಾಟಿತು. ಹೊರಬದಿಯ ಗಂಟಿನ ಮೇಲೆ ಇನ್ನೊಂದು ತುಂಡು ಇಡಬೇಕಿತ್ತು. ತುಂಡು ಪಕ್ಕದ ತಟ್ಟೆಯಲ್ಲೇ ಇತ್ತು. ಇಡಲಿಲ್ಲ. ಒದ್ದೆ ಪಟ್ಟಿ ತೆಗೆದುಕೊಂಡು ಬಿಗಿಯಾಗಿ ಸುತ್ತಿದ. ನೀವಿದ. ಅಷ್ಟು ಚಂದದ ಪ್ಲಾಸ್ಟರ್ ಆ ವರ್ಷವಿಡೀ ಅವನ ಕೈಯಿಂದ ಬಂದಿರಲಿಲ್ಲ.

ಮರುದಿನ ಅಕ್ಕನ ಫೋನು. “ಹೆಬ್ಬೆರಳ ಸಂದಿಯಲ್ಲಿ ಜೋಮು ಹಿಡಿದಿದೆ ಕಣೋ.”

“ಪ್ಲಾಸ್ಟರ್ ಅಂದ್ಮೇಲೆ ಅಷ್ಟೂ ಇರಲ್ವಾ? ಕಾಲು ದಿಂಬಿನ ಮೇಲಿಡು, ಸರಿಹೋಗುತ್ತೆ.”

ಮೂರನೇ ದಿನ ಪಕ್ಕದ ಮನೆಯವರು ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದೇಬಿಟ್ಟರು. ಹೊರಗೆ ಇಪ್ಪತ್ತು ಜನರ ಸಾಲು. ಮೇಸ್ತ್ರಿ ಅವಳ ಹೆಬ್ಬೆರಳ ಉಗುರು ಒತ್ತಿ ಬಿಟ್ಟ. ಬಿಳಿಚಿದ ಉಗುರಿಗೆ ಮತ್ತೆ ರಕ್ತ ಹರಿದು ಕೆಂಪಾಯಿತು. “ನೋಡು, ರಕ್ತ ಚೆನ್ನಾಗಿ ಓಡ್ತಿದೆ” ಎಂದ. ಬೆರಳನ್ನು ಮೇಲಕ್ಕೆತ್ತು ಎಂದು ಹೇಳಬೇಕಿತ್ತು. ಅದೇ ಮುಖ್ಯವಾದ ಪರೀಕ್ಷೆ, ಅವನೇ ನೂರು ಜನಕ್ಕೆ ಕಲಿಸಿದ್ದು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗಲೇ ತಟ್ಟೆಯಲ್ಲೇ ಉಳಿದ ಹತ್ತಿಯ ತುಂಡು ಅವನ ಕಣ್ಣಿಗೆ ಕಟ್ಟಿದಂತಾಯಿತು. ಬೆರಳು ಏಳದಿದ್ದರೆ? ಕೇಳದಿದ್ದರೆ ಉತ್ತರವೂ ಇಲ್ಲ. ಹೆದರಿದವನು ಗಂಟಲು ದೊಡ್ಡದು ಮಾಡಿದ.

“ಊರಿಗೆಲ್ಲ ಇಲ್ಲದ ನೋವು ನಿನಗೊಬ್ಬಳಿಗೇ! ನಿನ್ನ ನಾಟಕ ನೋಡೋಕೆ ಟೈಮಿಲ್ಲ ನನಗೆ. ಹಿಂದೆ ಎಷ್ಟು ಜನ ಕಾಯ್ತಿದಾರೆ ನೋಡು.”

ಮಾತಿನ ಮಲ್ಲಿ ಅಕ್ಕ ಗಾಲಿಕುರ್ಚಿ ತಿರುಗಿಸಲು ಪಕ್ಕದ ಮನೆಯವರಿಗೆ ಕೈಸನ್ನೆ ಮಾಡಿದಳು. ತಲೆ ತಗ್ಗಿಸಿಕೊಂಡು ಹೋದಳು.

ಆರನೇ ದಿನ ತಪಾಸಣೆಗೆ ಬಂದ ಅಕ್ಕನಿಗೆ ಮರಿ ಡಾಕ್ಟರು ಒಬ್ಬರು ಬೆರಳೆತ್ತಿ ಎಂದರು. ಏಳಲಿಲ್ಲ. ತಕ್ಷಣ ಪ್ಲಾಸ್ಟರ್ ಕತ್ತರಿಸಲು ಹೇಳಿದರು. ಗರಗಸ ಹಿಡಿದವನು ಮೇಸ್ತ್ರಿಯೇ. ಬಿಚ್ಚಿದಾಗ ಮಂಡಿಯ ಹೊರಬದಿಯಲ್ಲಿ ಚರ್ಮ ಒತ್ತಿ ಕೆಂಪಾಗಿತ್ತು; ಪಾದ ಬಾಡಿದ ಎಲೆಯಂತೆ ಜೋತುಬಿತ್ತು.

“ಮೇಸ್ತ್ರಿ, ಇಲ್ಲಿ ಹತ್ತಿ ಹಾಕಿದ್ರಿ ತಾನೇ?”

“ಹಾಕಿದ್ದೆ ಸಾರ್. ಜಾರಿರಬೇಕು.”

ಮರಿ ಡಾಕ್ಟರಿಗೆ ಮೇಸ್ತ್ರಿಯೆಂದರೆ ಗುರು. ಅವನು ಸುಳ್ಳು ಹೇಳಬಹುದೆಂಬ ಯೋಚನೆಯೇ ಅವರಿಗೆ ಬರಲಿಲ್ಲ. ‘ಬಿದ್ದಾಗಲೇ ನರಕ್ಕೆ ಪೆಟ್ಟಾಗಿರಬಹುದು’ ಎಂದು ಚೀಟಿಯಲ್ಲಿ ಬರೆದರು. ಮೇಸ್ತ್ರಿ ಹೊಸ ಪ್ಲಾಸ್ಟರ್ ಹಾಕಿದ. ಈ ಸಲ ಹತ್ತಿ ಮೂರು ಪಟ್ಟು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು.

ಆಮೇಲಿನ ಆರು ವಾರ ಅವನು ಅಕ್ಕನ ಮನೆಯ ಕಡೆ ತಲೆ ಹಾಕಲಿಲ್ಲ. ಡ್ಯೂಟಿ ಜಾಸ್ತಿ ಎಂದು ಹೆಂಡತಿಯ ಕೈಯಲ್ಲಿ ಊಟದ ಡಬ್ಬಿ ಕಳಿಸುತ್ತಿದ್ದ. ಪ್ಲಾಸ್ಟರ್ ಬಿಚ್ಚಿದ ದಿನ ಮಾತ್ರ ತಪ್ಪಿಸಿಕೊಳ್ಳಲಾಗಲಿಲ್ಲ. ಅವಳನ್ನು ತಾನೇ ಮನೆಗೆ ಕರೆದೊಯ್ದ. ಮೆಟ್ಟಿಲ ಬಳಿ ಯಾರೋ ಹೊಸ ಗಂಡಸು ಬಕೆಟ್ ಹಿಡಿದು ನಿಂತಿದ್ದ.

“ಹಳೆಯವಳೆಲ್ಲಿ?” ಎಂದು ಅಕ್ಕನನ್ನು ಕೇಳಿದ, ಸುಮ್ಮನೆ ಮಾತಿಗೆ.

“ಬಿಡಿಸಿದೆವು. ಮೂಳೆ ಮುರಿದಿದ್ದಕ್ಕೆ ನಾನೇನೂ ಅನ್ನಲಿಲ್ಲ, ಕೂಡಿಕೊಳ್ಳುತ್ತೆ ಅಂತ. ಆದ್ರೆ ನರ ಸತ್ತಿದ್ದೂ ಬಿದ್ದಾಗಲೇ ಅಂತ ಡಾಕ್ಟರು ಬರೆದ್ರಲ್ಲ! ಆ ಚೀಟಿ ತೋರಿಸಿ ಕಟ್ಟಡದವರ ಹತ್ತಿರ ಜಗಳ ಆಡಿದೆ. ಒಂಬತ್ತು ವರ್ಷ ಇದ್ದಳಂತೆ. ಇದ್ರೆ ಏನು?”

ಮೇಸ್ತ್ರಿಗೆ ಈಗಲೇ ಹೇಳಿಬಿಡಬೇಕು ಅನ್ನಿಸಿತು. ಮೇಲೆ ಹೋಗಿ ಅಕ್ಕ ಕೊಟ್ಟ ಟೀ ಕುಡಿದ. ಹೇಳದೆಯೇ ಮನೆಗೆ ಬಂದ.

ವಾರಕ್ಕೆರಡು ಸಂಜೆ ವ್ಯಾಯಾಮ ಮಾಡಿಸಲು ಹೋಗುತ್ತಿದ್ದ. ಅಕ್ಕನ ತೊಡೆ ಸೊರಗಿ ಹೋಗಿತ್ತು. ಟೇಪು ಹಿಡಿದರೆ ಇನ್ನೊಂದು ತೊಡೆಗಿಂತ ಎರಡು ಬೆರಳು ಕಡಿಮೆ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, “ಒತ್ತಕ್ಕ, ತೊಡೆ ಬಿಗಿ ಮಾಡು, ಐದು ಎಣಿಸು” ಎನ್ನುತ್ತಿದ್ದ. ತೊಡೆ ಮಾತು ಕೇಳುತ್ತಿತ್ತು, ಪಾದ ಕೇಳುತ್ತಿರಲಿಲ್ಲ. ನಡೆಯುವಾಗ ಪಾದ ನೆಲಕ್ಕೆ ತಾಗದಿರಲೆಂದು ಅವಳು ಇಡೀ ತೊಡೆಯನ್ನು ಎತ್ತಿ ಎತ್ತಿ ಇಡುತ್ತಿದ್ದಳು, ಕಾಣದ ಹೊಸ್ತಿಲುಗಳನ್ನು ದಾಟುವವಳಂತೆ. ಮಲಗಿದರೆ ಆ ನಡಿಗೆಯೇ ಅವನ ಕಣ್ಣ ಮುಂದೆ. ನಾಳೆ ಹೇಳೋಣ ಎಂದುಕೊಳ್ಳುತ್ತ ಮೂರು ವಾರ ಕಳೆದ.

ಒಂದು ಸಂಜೆ ಪಕ್ಕದ ಮನೆಯಾಕೆ ಬಂದಾಗ ಅಕ್ಕ ಇವನ ಬೆನ್ನು ತಟ್ಟಿ ಹೇಳಿದಳು: “ನನ್ನ ತಮ್ಮ ಇದ್ದಿದ್ದಕ್ಕೆ ಇಷ್ಟಾದ್ರೂ ನಡೀತಿದೀನಿ. ಇಂಥ ಕೈ ಎಲ್ಲೂ ಸಿಗಲ್ಲ. ಆ ಮೆಟ್ಟಿಲು ತೊಳೆಯೋಳಿಗೆ ಮಾತ್ರ ಎಲ್ಲೂ ಕೆಲಸ ಸಿಗಬಾರದು ನೋಡಿ.”

ಪಕ್ಕದ ಮನೆಯಾಕೆ ಹೋದ ಮೇಲೆ ಮೇಸ್ತ್ರಿ ಬಾಗಿಲು ಮುಂದೆ ಮಾಡಿ ಬಂದು ನೆಲದ ಮೇಲೆ ಕೂತ. ಅಕ್ಕನ ಬೆರಳು ಹಿಡಿದು ಅವಳ ಮಂಡಿಯ ಹೊರಬದಿಯ ಗಂಟಿನ ಕೆಳಗೆ ಇಟ್ಟ.

“ಸೊಂಟದಿಂದ ಒಂದು ದಪ್ಪ ನರ ತೊಡೆಯ ಹಿಂದೆ ಇಳಿದು ಬರುತ್ತೆ ಅಕ್ಕ. ಮಂಡಿಯ ಹತ್ತಿರ ಎರಡಾಗುತ್ತೆ. ಒಂದು ಕವಲು ಇಲ್ಲಿ ಬಳಸಿ ಮುಂದಕ್ಕೆ ಹೋಗುತ್ತೆ. ಪಾದ ಎತ್ತೋದು ಅದೇ. ಇದನ್ನ ಆ ಹೆಂಗಸು ಕೊಲ್ಲಲಿಲ್ಲ. ನಾನು ಇಲ್ಲಿ ಹತ್ತಿ ಹಾಕಲಿಲ್ಲ. ಮೂರನೇ ದಿನ ನೀನು ಬಂದಾಗ ನನಗೆ ಅನುಮಾನ ಬಂತು. ಬೆರಳೆತ್ತು ಅನ್ನಲಿಲ್ಲ. ಡಾಕ್ಟರಿಗೆ ಸುಳ್ಳು ಹೇಳಿದೆ.”

ಅಕ್ಕ ಆ ಜಾಗವನ್ನು ಬೆರಳಿಂದ ಒತ್ತಿ ನೋಡಿದಳು.

“ಕೈ ತಪ್ಪುತ್ತೆ ಕಣೋ, ನಾನೂ ಎಷ್ಟೋ ಪುಸ್ತಕ ತಲೆಕೆಳಗು ಕಟ್ಟಿದೀನಿ” ಎಂದಳು. ಮೇಸ್ತ್ರಿಗೆ ಉಸಿರು ಬಂದಂತಾಯಿತು. ಆದರೆ ಅವಳ ಮಾತು ಮುಗಿದಿರಲಿಲ್ಲ. “ಆದ್ರೆ ಅಷ್ಟು ಜನರ ಮುಂದೆ ನಾಟಕ ಅಂದೆಯಲ್ಲ. ಆವತ್ತಿಂದ ನೋವಾದ್ರೂ ಬಾಯಿ ಬಿಡೋಕೆ ನನಗೇ ನಾಚಿಕೆ. ಇರ್ಲಿ, ಅದು ನನ್ನ ನಿನ್ನ ಮಧ್ಯದ್ದು. ಒಬ್ಬಳ ಕೆಲಸ ನನ್ನ ಬಾಯಿಂದ ತೆಗೆಸಿದೆ. ಗೊತ್ತಿದ್ದೂ ಇಲ್ಲೇ ಕೂತು ಟೀ ಕುಡಿದೆ. ಏಳು. ಅವಳೆಲ್ಲಿದಾಳೆ ಹುಡುಕು.”

ಎರಡು ದಿನ ಹುಡುಕಿದ ಮೇಲೆ ಆ ಹೆಂಗಸು ಬಸ್ ನಿಲ್ದಾಣದ ಹಿಂದಿನ ಒಂದು ಕಚೇರಿಯಲ್ಲಿ ಸಿಕ್ಕಳು. ಮಧ್ಯಾಹ್ನದ ಹೊತ್ತು, ಮೆಟ್ಟಿಲು ಒರೆಸುತ್ತಿದ್ದಳು. ಅಕ್ಕ ಕಾಲಿಗೆ ಪಾದ ಎತ್ತಿ ಹಿಡಿಯುವ ಪ್ಲಾಸ್ಟಿಕ್ ಪಟ್ಟೆ ಕಟ್ಟಿಕೊಂಡು, ತಮ್ಮನ ತೋಳು ಹಿಡಿದು ನಿಂತಳು. ಮೇಸ್ತ್ರಿ ಎಲ್ಲವನ್ನೂ ಹೇಳಿದ. ಹೇಳುವಷ್ಟು ಹೊತ್ತೂ ಅವನ ಕಣ್ಣು ಅವಳ ಒದ್ದೆ ಕೈಗಳ ಮೇಲೇ ಇತ್ತು, ಮುಖ ನೋಡಲಾಗಲಿಲ್ಲ.

“ನೆಲ ಒದ್ದೆ ಇತ್ತು. ಅದು ನನ್ನ ತಪ್ಪೇ, ಅಮ್ಮಾ” ಎಂದಳು ಅವಳು ಅಕ್ಕನಿಗೆ. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದಳು. “ಕೆಲಸದ ಮಾತು ಬಿಡಿ. ಒಂದು ಹೋದ್ರೆ ಇನ್ನೊಂದು. ಒಬ್ಬ ಹೆಂಗಸಿನ ಕಾಲು ಸಾಯಿಸಿದೆ ಅಂತ ಎರಡು ತಿಂಗಳಿಂದ ಅನ್ನ ಸೇರ್ತಿರಲಿಲ್ಲ ನನಗೆ. ನೀವು ಚೆನ್ನಾಗಿ ಉಂಡ್ರಾ?”

ಹಳೆಯ ಕೆಲಸ ಮತ್ತೆ ಕೊಡಿಸುತ್ತೇನೆಂದು ಅಕ್ಕ ಕೈ ಮುಗಿದಳು. ಆಕೆ ಬೇಡವೆಂದಳು. ಕ್ಷಮಿಸಿದೆನೆಂದೂ ಹೇಳಲಿಲ್ಲ, ಬೈಯಲೂ ಇಲ್ಲ. ಬಟ್ಟೆ ಹಿಂಡಿ ಮುಂದಿನ ಮೆಟ್ಟಿಲು ಒರೆಸತೊಡಗಿದಳು.

ಮರುದಿನ ಮೇಸ್ತ್ರಿ ಮರಿ ಡಾಕ್ಟರ ಬಳಿ ಹೋಗಿ ನಿಜ ಹೇಳಿದ. ಅವರು ಬೈಯಬಹುದೆಂದು ಕಾದ. ಅವರು, “ನಾನೂ ವಿಚಾರಿಸದೆ ಬರೆದೆನಲ್ಲ” ಎಂದು ಹಣೆ ಒತ್ತಿಕೊಂಡರು. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಚೀಟಿ ತಿದ್ದಲಾಯಿತು. ಮೇಸ್ತ್ರಿಯನ್ನು ನಾಲ್ಕು ತಿಂಗಳು ಪ್ಲಾಸ್ಟರ್ ಮೇಜಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಕಾರಣ ಇಡೀ ಆಸ್ಪತ್ರೆಗೆ ತಿಳಿಯಿತು. ಅವನು ನಡೆಯುತ್ತ ಬಂದರೆ ಕಾರಿಡಾರಿನಲ್ಲಿ ಮಾತು ನಿಲ್ಲುತ್ತಿತ್ತು.

ಒತ್ತಿಹೋದ ನರ ಚೇತರಿಸಿಕೊಳ್ಳುವುದು ಆಮೆಯ ವೇಗದಲ್ಲಿ. ಐದನೇ ತಿಂಗಳು ಅಕ್ಕನ ಹೆಬ್ಬೆರಳು ಅಕ್ಕಿಕಾಳಿನಷ್ಟು ಮೇಲೆದ್ದಿತು. ಅವಳು ಕೂಗಿದ ಕೂಗಿಗೆ ಕೆಳಗಿನ ಮಹಡಿಯವರು ಮೇಲೆ ಓಡಿ ಬಂದರು. ವರ್ಷ ತುಂಬುವ ಹೊತ್ತಿಗೆ ಪಟ್ಟೆ ಬಿಚ್ಚಿಟ್ಟು ನಡೆದಳು. ಪೂರ್ತಿ ಸರಿಹೋಗಲಿಲ್ಲ. ದಣಿದ ದಿನ ಆ ಪಾದ ಈಗಲೂ ನೆಲಕ್ಕೆ ಪಟ್ ಎಂದು ಬೀಳುತ್ತದೆ. ಅವಳು ಅದನ್ನು ಗಮನಿಸುವುದೇ ಇಲ್ಲ, ರಟ್ಟು ಎತ್ತಿಕೊಂಡು ಮಾತಾಡುತ್ತಲೇ ಒಳಗೆ ಹೋಗುತ್ತಾಳೆ. ತಮ್ಮ ಎದುರಿಗಿದ್ದರೆ ಮಾತ್ರ, ಆ ಸದ್ದು ಕೇಳಿದಾಗಲೆಲ್ಲ ಕೈಯಲ್ಲಿದ್ದ ಪತ್ರಿಕೆಯನ್ನು ಇನ್ನಷ್ಟು ಮುಖಕ್ಕೆ ಹತ್ತಿರ ಹಿಡಿಯುತ್ತಾನೆ.