ನಿಮ್ಮಂಥವರಿಗೆ ಏನಂತಾರ್ರೀ?

ಶಿರಸಿಯಲ್ಲಿ ನನಗೆ ಎದುರಾದ ಮೊದಲ ಪ್ರಶ್ನೆಯೇ ಅರ್ಥವಾಗಲಿಲ್ಲ. ಬಾಡಿಗೆ ಕೋಣೆ ಕೇಳಲು ಹೋದಾಗ ಮನೆಯೊಡತಿ ಸರೋಜಕ್ಕ, "ಆಸರಿಗೆ ಎಂತ ಬೇಕು?" ಎಂದರು. ಆಸರೆ ಎಂದುಕೊಂಡು, "ಒಂದು ಕೋಣೆ ಸಾಕು" ಎಂದೆ. ಅವರು ನಗುತ್ತ ಮಜ್ಜಿಗೆ ತಂದಿಟ್ಟರು. ಬಾಯಾರಿಕೆಗೆ ಏನು ಕೊಡಲಿ ಎಂದು ಕೇಳಿದ್ದರಂತೆ.

ಅದು ಎರಡು ಸಾವಿರದ ಒಂದನೇ ಇಸವಿ. ಮೈಸೂರಿನಿಂದ ಶಿರಸಿ ಹತ್ತಿರದ ದಾಸನಕೊಪ್ಪದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಬಂದಿದ್ದೆ. ನಮ್ಮ ಮೈಸೂರಿನವರು ನಗಬಹುದು, ಆರು ತಿಂಗಳಲ್ಲಿ ತೆಳ್ಳೇವಿಗೆ, ಅಂದರೆ ಇಲ್ಲಿನ ತೆಳು ದೋಸೆಗೆ, ಜೋನಿಬೆಲ್ಲ ಸುರಿದುಕೊಳ್ಳದಿದ್ದರೆ ನನಗೆ ಸೇರುತ್ತಿರಲಿಲ್ಲ. 'ಪರವಾಗಿಲ್ಲ' ಹೋಗಿ 'ಅಡ್ಡಿಲ್ಲೆ' ಬಾಯಿಗೆ ಬಂತು. ಆದರೆ ಮೈಸೂರಿನಲ್ಲಿ ವಿಮಲಾ ಇದ್ದಳು. ಐದು ವರ್ಷದಿಂದ ನಾವು ಒಬ್ಬರಿಗೊಬ್ಬರು. ಭಾನುವಾರ ಎಸ್‌ಟಿಡಿ ಬೂತಿನ ಗಾಜಿನ ಬಾಗಿಲು ಎಳೆದುಕೊಂಡು ಮಾತಾಡುವುದಷ್ಟೇ.

ಕನ್ನಡ ಟೀಚರ್ ಶೈಲಾ ಹಾವೇರಿ ಕಡೆಯವಳು, ಇಲ್ಲಿ ನನಗಿದ್ದ ಒಬ್ಬಳೇ ಸ್ನೇಹಿತೆ. ಅವಳು ತನ್ನ ತಮ್ಮನಿಗೆ ನನ್ನನ್ನು ಕೇಳಿದ ದಿನ ವಿಮಲಾಳ ವಿಷಯ ಹೇಳಿಬಿಟ್ಟೆ. ಗಂಡಸಾಗಬೇಕು ಅನಿಸುತ್ತದೆಯೇ ಎಂದಳು. ಇಲ್ಲ. ಯಾರಾದರೂ ಮೋಸ ಮಾಡಿದರೇ? ಇಲ್ಲ.

"ಮತ್ತ ನಿಮ್ಮಂಥವರಿಗೆ ಏನಂತಾರ್ರೀ?"

ಲೆಸ್ಬಿಯನ್ ಎಂದೆ.

"ಅದು ಪೇಪರಿನ್ಯಾಗ ಬರ್ತೈತಲ್ರೀ, ಮುಂಬೈಯವರದು. ನೀವು ಹಂಗ ಕಾಣೂದಿಲ್ಲ ಬಿಡ್ರಿ."

ಕನ್ನಡದಲ್ಲಿ ಹೇಳೋಣವೆಂದರೆ ಸಿಗುತ್ತಿದ್ದುದು 'ಸಲಿಂಗಕಾಮಿ'. ವಿಮಲಾಳ ಜ್ವರಕ್ಕೆ ಗಂಜಿ ಕಾಯಿಸಿಕೊಟ್ಟದ್ದು ಆ ಪದದೊಳಗೆ ಎಲ್ಲಿ ಹಿಡಿಸಬೇಕು?

ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ ನಮ್ಮಂಥವರು ಸೇರುವ ಗುಂಪೊಂದರಲ್ಲಿ ಕುಳಿತೆ. ಅಲ್ಲಾದರೂ ವಿವರಿಸುವ ಕಷ್ಟವಿರದು ಎಂದುಕೊಂಡಿದ್ದೆ. ಕಾಲೇಜಿನಲ್ಲಿ ಒಬ್ಬ ಹುಡುಗನೂ ಇಷ್ಟವಾಗಿದ್ದ ಎಂದದ್ದೇ ತಪ್ಪಾಯಿತು. ಹಾಗಾದರೆ ನೀನು ಬೈಸೆಕ್ಷುವಲ್, ಸರಿಯಾಗಿ ಹೇಳು ಎಂದು ಒಬ್ಬಳು ತಿದ್ದಿದಳು. ಕೆಲಸದ ಜಾಗದಲ್ಲಿ ಹೇಳಿಕೊಳ್ಳದಿರುವುದು ಹೇಡಿತನ ಎಂದಳು ಇನ್ನೊಬ್ಬಳು. ದಾಸನಕೊಪ್ಪ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ.

ವಾಪಸು ಬಂದರೆ ಸರೋಜಕ್ಕ ದಿನವೂ ಕಹಿ ಕಷಾಯ ಕೊಡತೊಡಗಿದರು. ನನಗೆ ಹಾರ್ಮೋನಿನ ತೊಂದರೆ, ಮದುವೆ ಮಾತೆತ್ತಬೇಡಿ ಎಂದು ಶೈಲಾ ಅವರಿಗೆ ಹೇಳಿದ್ದಳಂತೆ. ಉಪಕಾರವೆಂದೇ ಹೇಳಿದ್ದಳು. ನಾಲ್ಕು ದಿನ ಕುಡಿದೆ. ಐದನೇ ದಿನ ಲೋಟ ಕೆಳಗಿಟ್ಟೆ.

"ನನಗೆ ಕಾಯಿಲೆ ಇಲ್ಲ ಸರೋಜಕ್ಕ. ಮೈಸೂರಿನ ವಿಮಲಾ ಜೊತೆ ಬಾಳಬೇಕು ಅಂತಿದ್ದೀನಿ. ಮದುವೆ ಆದವರ ಹಾಗೆ."

ಅವರು ಲೋಟ ಎತ್ತಿಕೊಂಡರು.

"ಆನು ಎಂತ ಹೇಳ್ಲಿ ತಂಗಿ. ಅವ್ಳು ಬಂದು ಉಳ್ಕಳ್ಳಿ, ಅಡ್ಡಿಲ್ಲೆ. ಅದಕ್ಕೊಂದು ಹೆಸ್ರು ಮಾತ್ರ ಹೇಳಡ. ಹೇಳಿದ್ರೆ ಎಂಗೂ ಗೊತ್ತಿದ್ದು ಹೇಳಿ ಆಗ್ತು."

ಹೆಸರು ಹೇಳಬೇಡ, ಹೇಳಿದರೆ ತನಗೂ ಗೊತ್ತಿದೆ ಎಂದಾಗುತ್ತದೆ ಎನ್ನುವುದು ಅವರ ಮಾತು. ಕಷಾಯ ನಿಂತಿತು. ಕೃತಜ್ಞತೆ ಪಡಬೇಕೋ ಜಗಳವಾಡಬೇಕೋ ತಿಳಿಯದೆ ಕೋಣೆಗೆ ಹೋಗಿ ಮಕ್ಕಳ ನೋಟ್‌ಬುಕ್ ತಿದ್ದುತ್ತ ಕುಳಿತೆ.

ದಸರಾ ರಜೆಗೆ ವಿಮಲಾ ಬಂದಳು. ಬನವಾಸಿ ನೋಡಲು ಹೊರಟು ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ನಮ್ಮ ಹೆಡ್‌ಮಾಸ್ತರು ಎದುರಾಗಿ, ಇವರು ಯಾರು ಎಂದು ಕೇಳಿದರು. ಇಷ್ಟು ದಿನ ಎಲ್ಲರೊಡನೆ ಪದಗಳಿಗಾಗಿ ಗುದ್ದಾಡಿದವಳು ನಾನೇ.

"ನಮ್ಮ ಊರಿನವರು ಸರ್" ಎಂದೆ.

ಬಸ್ಸಿನಲ್ಲಿ ವಿಮಲಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ದಾಸನಕೊಪ್ಪದಲ್ಲಿ ನನ್ನ ಶಾಲೆಯ ಗೇಟು ದಾಟಿದ ಮೇಲೆ ಕೇಳಿದಳು: "ನಮ್ಮ ಊರು ಅಂದ್ಯಲ್ಲ, ಯಾವುದದು?"

ಮೈಸೂರಿನ ನನ್ನ ಹೆತ್ತವರ ಮನೆಯಲ್ಲಿ ಅವಳಿಗೆ ಜಗಲಿ ದಾಟಿ ಒಳಗೆ ಕರೆಯಿಲ್ಲ. ಶಿರಸಿಯ ಕೋಣೆಯಲ್ಲಿ ಅವಳು ಯಾರೆಂದು ಹೇಳುವಂತಿಲ್ಲ. ಕಂಡಕ್ಟರ್ ಬನವಾಸಿ ಎಂದು ಕೂಗಿದ. ಇಬ್ಬರೂ ಇಳಿದೆವು.