ಗ್ಯಾನಮ್ಮನ ಜಗಳ
ಕಾಲುವೆ ಕೆಲಸದ ದಿನಗಳಲ್ಲಿ ಸಿಂಧನೂರಿನ ಹೊರಗಿದ್ದ ದವಾಖಾನೆಯ ಆಯಾ ಗ್ಯಾನಮ್ಮನಿಗೆ ಜಗಳವಾಡದೆ ಹೊತ್ತು ಹೋಗುತ್ತಿರಲಿಲ್ಲ. ಹಾಸಿಗೆ ಹಿಡಿದ ಮುದುಕಿಯರ ಇಡೀ ವಾರ್ಡಿಗೆ ಅವಳೊಬ್ಬಳೇ. ಬೆಳಿಗ್ಗೆ ಗುರುಗುಂಟಾ ಊರಿನ ಗಿರಿಯಮ್ಮನ ಎಡಗಡೆ ನಿಂತು, "ಏನಬೇ, ನಿಮ್ಮ ಗುರುಗುಂಟಾದಾಗ ರೊಟ್ಟಿ ಬಡೀತಾರೋ, ಚಪ್ಪಡಿ ಕೊರೀತಾರೋ?" ಎನ್ನುವಳು. ಸಿಟ್ಟಾದ ಮುದುಕಿ ಏದುಸಿರು ಬಿಡುತ್ತ ಬಲಕ್ಕೆ ಹೊರಳುವಳು. ಮಧ್ಯಾಹ್ನ ಬಲಗಡೆಗೆ ಬಂದು, "ನಿನ್ನ ಸೊಸಿ ಬಂಗಾರದಂಥಾಕಿ ಬಿಡಬೇ" ಎನ್ನುವಳು. ಸೊಸೆಯನ್ನು ಕಂಡರಾಗದ ಮುದುಕಿ ಇನ್ನೂ ಹೆಚ್ಚಿನ ಸಿಟ್ಟಿನಿಂದ ಎಡಕ್ಕೆ ಹೊರಳುವಳು. ಹೀಗೆ ಒಂದೊಂದು ಮಂಚಕ್ಕೂ ಒಂದೊಂದು ಮಾತು. ಹೊಸದಾಗಿ ಬಂದ ಡಾಕ್ಟರು, "ರೋಗಿಗಳನ್ನು ಕೆಣಕಬೇಡ" ಎಂದು ಗದರಿದರು. "ಇನ್ನೊಬ್ಬ ಆಯಾನ್ನ ಕೊಡ್ರೀ ಸಾಹೇಬ್ರ, ಬಾಯಿ ಮುಚ್ಚತೀನಿ. ಎತ್ತಿ ಎತ್ತಿ ನನ್ನ ನಡಾ ಹೋಗ್ಯಾದ. ಇವರು ಹೊರಳಲಿಲ್ಲಂದ್ರ ಬೆನ್ನು ಹುಣ್ಣಾಗತಾವ" ಎಂದಳು. ಡಾಕ್ಟರು ಮತ್ತೆ ಆ ಮಾತೆತ್ತಲಿಲ್ಲ. ಇನ್ನೊಬ್ಬ ಆಯಾ ಬರಲೂ ಇಲ್ಲ. ಒಂದು ದಿನ ಸೊಸೆಯನ್ನು ಎಷ್ಟು ಹೊಗಳಿದರೂ ಗಿರಿಯಮ್ಮ ಕದಲಲಿಲ್ಲ. "ಸಿಟ್ಟು ಮಾಡಾಕೂ ಶಕ್ತಿ ಇಲ್ಲಬೇ" ಎಂದಳು. ಗ್ಯಾನಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಹಲ್ಲು ಕಚ್ಚಿ, ಆಕೆಯನ್ನು ತಾನೇ ಹೊರಳಿಸಿದಳು. ಆಮೇಲೆ ಮಂಚದ ಕಾಲು ಹಿಡಿದು ಕುಕ್ಕರಿಸಿ, ಆ ವಾರ್ಡಿನಲ್ಲಿ ಯಾರೂ ಕೇಳಿರದ ಮೆತ್ತನೆಯ ದನಿಯಲ್ಲಿ, "ನಾಳೆ ಮಾತ್ರ ಸಿಟ್ಟಾಗಬೇಕು ನೋಡಬೇ" ಎಂದಳು.